ಚಿತ್ರ ಬೇಡ ಅಂದವರ ಗೋಡೆ ತುಂಬ ಚಿತ್ರ: ದುರಾ ಯೂರೋಪಸ್ ಬಗ್ಗೆ ಮಾತಾಡೋಣ

ಹಳೆಗೋಡೆ

ಎಲ್ಲರಿಗೂ ನಮಸ್ಕಾರ. ಒಂದು ಗೋಡೆಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು ನಮಗೆಲ್ಲ ಗೊತ್ತು. ಆಕಾಶದಲ್ಲಿ, ಭೂಮಿಯಲ್ಲಿ, ನೀರಿನಲ್ಲಿ ಇರುವ ಯಾವುದರ ರೂಪವನ್ನೂ ಮಾಡಬಾರದು, ಅದಕ್ಕೆ ಅಡ್ಡಬೀಳಬಾರದು ಅಂತ. ಇದನ್ನು ಓದಿದವರು ಯಹೂದಿಗಳಲ್ಲಿ ಚಿತ್ರಕಲೆಯೇ ಇರಲಿಲ್ಲ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡ ದೊಡ್ಡ ವಿದ್ವಾಂಸರೂ 1932ರ ತನಕ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು.

ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ಮೇಲೆ ದುರಾ ಯೂರೋಪಸ್ ಅಂತ ಒಂದು ಹಾಳೂರು ಇದೆ. ಗ್ರೀಕರು ಕಟ್ಟಿದ್ದು, ಪಾರ್ಥಿಯನ್ನರ ಕೈಗೆ ಹೋಗಿದ್ದು, ಕ್ರಿ.ಶ. 165ರ ಹೊತ್ತಿಗೆ ರೋಮನ್ನರ ಪಾಲಾಗಿದ್ದು. 1920ರಲ್ಲಿ ಬ್ರಿಟಿಷ್ ಸೈನಿಕರು ಅಲ್ಲಿ ಕಂದಕ ತೋಡುವಾಗ ಬಣ್ಣದ ಗೋಡೆ ಕಂಡಿತು. ಆಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರೂ ಫ್ರೆಂಚರೂ ಸೇರಿ 1928ರಿಂದ 1937ರ ತನಕ ಅಗೆದರು. 1932ರ ನವೆಂಬರ್‌ನಲ್ಲಿ ಮಣ್ಣು ಸರಿಸಿದಾಗ ಒಂದು ಯಹೂದಿ ಸಭಾಮಂದಿರ ಎದ್ದು ಬಂತು. ನೆಲದಿಂದ ಸೂರಿನ ತನಕ ಚಿತ್ರ. ಒಂದೆರಡಲ್ಲ, ಸಾಲು ಸಾಲು. ಮೋಶೆ, ದಾವೀದ, ಎಲೀಯ, ಎಸ್ತೇರ, ಎಲ್ಲರೂ ಇದ್ದಾರೆ. ಮನುಷ್ಯ ಮುಖಗಳು, ಕಣ್ಣು ಬಿಟ್ಟುಕೊಂಡು ನೆಟ್ಟಗೆ ನಮ್ಮನ್ನೇ ನೋಡುತ್ತವೆ.

ಮಂದಿರದ ಸೂರಿನ ಹೆಂಚಿನ ಮೇಲೆ ಅರಾಮಿಕ್ ಭಾಷೆಯಲ್ಲಿ ಬರಹ ಇದೆ. ಅದರ ಪ್ರಕಾರ ಕಟ್ಟಡ ಆದದ್ದು ಕ್ರಿ.ಶ. 244-45ರಲ್ಲಿ. ಹಿರಿಯರಾಗಿದ್ದವರು ಸಮುವೇಲ ಅನ್ನುವವರು.

ನನ್ನ ಪ್ರಶ್ನೆ ಇಷ್ಟೇ. ಆಜ್ಞೆ ಹಾಗೆ ಹೇಳುತ್ತದೆ, ಗೋಡೆ ಹೀಗೆ ಹೇಳುತ್ತದೆ. ಈ ಸಮುವೇಲರಿಗೆ ಆಜ್ಞೆ ಗೊತ್ತಿರಲಿಲ್ಲವಾ?

ತುಂಗಾತೀರ

ಲೇಖನ ಚೆನ್ನಾಗಿದೆ ಸರ್. ಆದರೆ ಇದು ಗಡಿ ಊರು ಅಲ್ವಾ? ಜೆರುಸಲೇಮಿನಿಂದ ನೂರಾರು ಮೈಲಿ ದೂರ. ಸುತ್ತಲೂ ಗ್ರೀಕರ ಗುಡಿ, ಪಾಲ್ಮೀರಾದವರ ಗುಡಿ, ಮಿತ್ರ ಅನ್ನುವ ದೇವರ ಗುಡಿ. ಅಂಥ ಕಡೆ ಅಕ್ಕಪಕ್ಕದವರನ್ನು ನೋಡಿ ನಾಲ್ಕು ಚಿತ್ರ ಬರೆಸಿಕೊಂಡಿರಬಹುದು. ಒಂದು ಊರು ನೋಡಿ ಇಡೀ ಸಮುದಾಯದ ಬಗ್ಗೆ ಹೇಳುವುದು ಸ್ವಲ್ಪ ಜಾಸ್ತಿ ಆಯಿತು ಅಂತ ನನಗೆ ಅನಿಸುತ್ತದೆ.

ಹಳೆಗೋಡೆ

ಮಂದಿರ ಸಿಕ್ಕಿದಾಗ ತುಂಬ ಜನ ನಿಮ್ಮ ಹಾಗೇ ಹೇಳಿದ್ದರು. 'ಗಡಿಯಲ್ಲಿ ಕೆಟ್ಟ ಹುಡುಗರು' ಅನ್ನುವ ಥರ. ಆದರೆ ಅದು ನಿಲ್ಲುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಗೋಡೆ ನೋಡಿ.

ಪಶ್ಚಿಮದ ಗೋಡೆಯ ನಡುವೆ ತೋರಾ (ಯಹೂದಿಗಳ ಧರ್ಮಗ್ರಂಥ) ಸುರುಳಿ ಇಡುವ ಗೂಡು. ಅದರ ಮೇಲೆ ದೇವಾಲಯದ ಮುಖ, ಏಳು ಕವಲಿನ ದೀಪಸ್ತಂಭ. ಪಕ್ಕದಲ್ಲಿ ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಪ್ರಸಂಗ. ಇಲ್ಲಿ ಅಬ್ರಹಾಮ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಮುಖವೇ ಇಲ್ಲ. ಮೇಲಿನಿಂದ ಒಂದು ಕೈ ಇಳಿದು ಬರುತ್ತದೆ, ಅದು ದೇವರ ಕೈ. ದೇವರ ಮುಖ ಬರೆಯಲಿಲ್ಲ, ಕೈ ಮಾತ್ರ ಬರೆದರು. ಅಂದರೆ ಆಜ್ಞೆ ಚೆನ್ನಾಗೇ ಗೊತ್ತಿತ್ತು. ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಿತ್ತು.

ಗೂಡಿನ ಚಿತ್ರದಲ್ಲಿ ಇಷ್ಟು ಸಂಕೋಚ ಪಟ್ಟವರು ದೊಡ್ಡ ಗೋಡೆಗೆ ಬಂದಾಗ ಧಾರಾಳವಾಗಿಬಿಟ್ಟಿದ್ದಾರೆ. ಫರೋಹನ ಮಗಳು ನೈಲ್ ನದಿಯಲ್ಲಿ ಬತ್ತಲೆ ನಿಂತು ಮಗು ಮೋಶೆಯನ್ನು ಎತ್ತಿಕೊಂಡಿದ್ದಾಳೆ! ಪ್ರಾರ್ಥನೆಯ ಜಾಗದಲ್ಲಿ! ಎಸ್ತೇರಳ ಬಂಧು ಮೊರ್ದೆಕೈ ಪರ್ಷಿಯನ್ ಉಡುಪಿನಲ್ಲಿ ಬಿಳಿ ಕುದುರೆ ಏರಿ ಬರುತ್ತಾನೆ. ಪ್ರವಾದಿ ಯೆಹೆಜ್ಕೇಲ ಕಂಡ ಒಣಮೂಳೆಗಳ ಕಣಿವೆಯಲ್ಲಿ ಕೈ, ಕಾಲು, ತಲೆ ಚೆಲ್ಲಾಪಿಲ್ಲಿ ಬಿದ್ದಿವೆ. ಮೇಲಿನಿಂದ ಮತ್ತೆ ಮತ್ತೆ ದೇವರ ಕೈ.

ನನಗೆ ತುಂಬ ಇಷ್ಟವಾದದ್ದು ದಾಗೋನನ ಗುಡಿಯ ಚಿತ್ರ. ಶತ್ರುಗಳಾದ ಫಿಲಿಷ್ಟಿಯರು ಮಂಜೂಷವನ್ನು (ಆಜ್ಞೆಗಳ ಕಲ್ಲಿನ ಹಲಗೆ ಇದ್ದ ಪವಿತ್ರ ಪೆಟ್ಟಿಗೆ) ಯುದ್ಧದಲ್ಲಿ ಕಿತ್ತುಕೊಂಡು ತಮ್ಮ ದೇವರು ದಾಗೋನನ ಗುಡಿಯಲ್ಲಿಟ್ಟರು, ಬೆಳಗಾದಾಗ ಅವರ ದೇವರು ನೆಲಕ್ಕೆ ಬಿದ್ದು ಒಡೆದಿತ್ತು ಅನ್ನುವ ಕಥೆ. ಚಿತ್ರದಲ್ಲಿ ಒಡೆದು ಬಿದ್ದ ಮೂರ್ತಿಗಳ ಉಡುಪು, ನಿಲುವು ನೋಡಿದರೆ ಆ ಊರಿನ ಗುಡಿಗಳಲ್ಲೇ ಪೂಜೆ ಆಗುತ್ತಿದ್ದ ದೇವರುಗಳ ಹಾಗಿವೆ. ಪಕ್ಕದ ಬೀದಿಯ ದೇವರನ್ನೇ ಬೀಳಿಸಿ ಬರೆದಿದ್ದಾರೆ. ಅಕ್ಕಪಕ್ಕದವರನ್ನು ನೋಡಿ ಸುಮ್ನೆ ನಕಲು ಮಾಡುವವರು ಹೀಗೆ ಮಾಡುತ್ತಾರಾ ತುಂಗಾತೀರ ಅವರೇ?

ಮಸಿಕುಂಚ

ನಾನು ಗೋಡೆ ಚಿತ್ರ ಬರೆಯುವವನು, ಇತಿಹಾಸ ಅಷ್ಟಕ್ಕಷ್ಟೇ. ಕಸುಬಿನ ಕಡೆಯಿಂದ ಎರಡು ಮಾತು.

ಇದು ಹಸಿ ಗಾರೆಯ ಮೇಲೆ ಬರೆದದ್ದಲ್ಲ, ಒಣಗಿದ ಗಾರೆಯ ಮೇಲೆ ಬರೆದದ್ದು. ಒಣ ಗಾರೆಯ ಬಣ್ಣ ಬೇಗ ಉದುರುತ್ತದೆ. ನೀರು, ಬಿಸಿಲು ತಾಗಿದರೆ ಮುಗಿಯಿತು. ಅಂಥದ್ದು 1,700 ವರ್ಷ ಉಳಿಯಿತು ಅಂದರೆ ಯಾರೋ ಮುಚ್ಚಿಟ್ಟಿರಬೇಕು. ಯಾರು ಮುಚ್ಚಿಟ್ಟರು?

ಎರಡನೆಯದು, ಚಿತ್ರಗಾರರು ಯಾವ ಮತದವರು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಸುಬಿನಲ್ಲಿ ಆ ಪ್ರಶ್ನೆ ಕೊನೆಗೆ ಬರುತ್ತದೆ. ಕೂಲಿ ಕೊಟ್ಟವರು ಏನು ಹೇಳುತ್ತಾರೋ ಅದನ್ನು ಬರೆಯುತ್ತೇವೆ, ನಮಗೆ ಕೈಗೆ ಕೂತ ಮಾದರಿಯಲ್ಲಿ ಬರೆಯುತ್ತೇವೆ. ಕುದುರೆ ಸವಾರ ಬರೆಯಲು ಬಂದವನಿಗೆ ಮೊರ್ದೆಕೈಯೂ ಒಂದೇ, ಬೇಟೆಗೆ ಹೊರಟ ರಾಜನೂ ಒಂದೇ. ಆ ಬತ್ತಲೆ ರಾಜಕುಮಾರಿ ಎಲ್ಲಿಂದ ಬಂದಳು ಅಂದುಕೊಂಡಿರಿ? ಚಿತ್ರಗಾರನ ಕೈಯಲ್ಲಿ ಗ್ರೀಕರ ಪ್ರೇಮದೇವತೆ ಅಫ್ರೋಡೈಟಿ ಇದ್ದಳು, ಜಲಕನ್ಯೆಯರಿದ್ದರು. ನೀರಿನಲ್ಲಿ ನಿಂತ ಹೆಂಗಸು ಬೇಕು ಅಂದರು, ಅವಳನ್ನೇ ನಿಲ್ಲಿಸಿದ.

ಹಳೆಗೋಡೆ

ಮುಚ್ಚಿಟ್ಟವರು ರೋಮನ್ ಸೈನಿಕರು ಸರ್. ಬೇಕಂತಲ್ಲ.

250ರ ದಶಕದಲ್ಲಿ ಪರ್ಷಿಯದ ಸಸಾನಿಯರ ದೊರೆ ಒಂದನೇ ಶಾಪುರ್ ದಂಡೆತ್ತಿ ಬಂದ. ಕೋಟೆ ಗೋಡೆ ಬೀಳಬಾರದು ಅಂತ ರೋಮನ್ನರು ಅದರ ಒಳಬದಿಗೆ ಮಣ್ಣು ಪೇರಿಸಿದರು. ಗೋಡೆಗೆ ಅಂಟಿಕೊಂಡ ಬೀದಿ, ಅದರ ಸಾಲಿನ ಮನೆಗಳು, ಸಭಾಮಂದಿರ, ಎಲ್ಲದರ ಸೂರು ಕಿತ್ತು ಮಣ್ಣು ತುಂಬಿದರು. ದಿಬ್ಬ ಇಳಿಜಾರಾಗಿತ್ತು. ಹಾಗಾಗಿ ಕೋಟೆಗೆ ಹತ್ತಿರದ ಪಶ್ಚಿಮದ ಗೋಡೆ ಪೂರ್ತಿ ಹೂತುಹೋಗಿ ಉಳಿಯಿತು. ಎದುರಿನ ಪೂರ್ವದ ಗೋಡೆ ಬುಡ ಮಾತ್ರ ಉಳಿಯಿತು. ಸುಮಾರು 256ರಲ್ಲಿ ಊರು ಬಿತ್ತು. ಯಾರೂ ವಾಪಸ್ ಬಂದು ಊರು ಕಟ್ಟಲಿಲ್ಲ.

ಬರೀ ಹತ್ತು ಹನ್ನೆರಡು ವರ್ಷ ಜನ ನೋಡಿದ ಚಿತ್ರಗಳು ಇವು.

ನದಿಯಾಚೆ

ಒಂದು ಸಣ್ಣ ಸೇರ್ಪಡೆ. ಊರು ಬೀಳುವ ಮೊದಲೇ ಪರ್ಷಿಯನ್ನರು ಆ ಮಂದಿರಕ್ಕೆ ಬಂದು ಹೋಗಿದ್ದಾರೆ. ಕೆಲವು ಚಿತ್ರಗಳ ಮೇಲೆ ಆ ಕಾಲದ ಪರ್ಷಿಯನ್ ಭಾಷೆಯಲ್ಲಿ 'ನಾವು ಇಂಥವರು ಬಂದು ಈ ಚಿತ್ರ ನೋಡಿದೆವು' ಅನ್ನುವ ಅರ್ಥದ ಗೀಚುಗಳಿವೆ. ಕಂಬದ ಮೇಲೆ ಹೆಸರು ಕೆತ್ತಿ ಬರುವ ಚಟ ಇವತ್ತಿನದಲ್ಲ ನೋಡಿ.

ಗಂಟೆಮನೆ

ನಾನು ಮಂಗಳೂರಿನ ಕಥೋಲಿಕ. ಹಳೆಗೋಡೆ ಅವರು ಅದೇ ಬೀದಿಯ ಇನ್ನೊಂದು ಮನೆಯನ್ನು ಮರೆತರು. ಅದನ್ನು ನಾನು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಸಭಾಮಂದಿರ ಸಿಗುವ ಕೆಲವು ತಿಂಗಳ ಮೊದಲು ಅದೇ ಅಗೆತದಲ್ಲಿ ಕ್ರೈಸ್ತರ ಪ್ರಾರ್ಥನಾ ಮನೆ ಸಿಕ್ಕಿತು. ಊರ ಹೆಬ್ಬಾಗಿಲಿನಿಂದ ಉತ್ತರಕ್ಕೆ ಹೋದರೆ ಯಹೂದಿಗಳ ಮಂದಿರ, ದಕ್ಷಿಣಕ್ಕೆ ಹೋದರೆ ಈ ಮನೆ. ಎರಡೂ ಕೋಟೆ ಗೋಡೆಯ ಪಕ್ಕದ ಬೀದಿಯಲ್ಲೇ. ಹೊರಗಿನಿಂದ ಇದು ಮಾಮೂಲು ಮನೆ, ನಡುವೆ ಅಂಗಳ. ಗಾರೆಯಲ್ಲಿ ಗೀಚಿದ ಒಂದು ಬರಹ 232-33ರ ಇಸವಿ ಕೊಡುತ್ತದೆ. ಆಮೇಲೆ ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದು ಹಾಲ್ ಮಾಡಿಕೊಂಡರು. ನನಗೆ ಗೊತ್ತಿರುವ ಮಟ್ಟಿಗೆ, ಇಷ್ಟು ಖಚಿತವಾಗಿ ಇಸವಿ ಹೇಳಬಹುದಾದ ಇಷ್ಟು ಹಳೆಯ ಕ್ರೈಸ್ತ ಪ್ರಾರ್ಥನಾ ಮನೆ ಬೇರೆ ಇಲ್ಲ.

ಮೂಲೆಯ ಸಣ್ಣ ಕೋಣೆ ಜ್ಞಾನಸ್ನಾನದ ಕೋಣೆ. ತೊಟ್ಟಿ, ಅದರ ಮೇಲೆ ಕಮಾನು. ತೊಟ್ಟಿಯ ಹಿಂದಿನ ಗೋಡೆಯಲ್ಲಿ ಒಳ್ಳೆಯ ಕುರುಬ (ಯೇಸುವಿನ ರೂಪಕ), ಹೆಗಲ ಮೇಲೆ ಕುರಿ. ಅವನ ಕೆಳಗೆ ಪುಟ್ಟದಾಗಿ ಆದಾಮ, ಹವ್ವ. ಪಕ್ಕದ ಗೋಡೆಯಲ್ಲಿ ಯೇಸು ಪಾರ್ಶ್ವವಾಯು ರೋಗಿಯನ್ನು ಎಬ್ಬಿಸುತ್ತಿದ್ದಾನೆ. ರೋಗಿ ಮಂಚವನ್ನೇ ಬೆನ್ನ ಮೇಲೆ ಹೊತ್ತು ಹೊರಟಿದ್ದಾನೆ! ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆಯಲು ಹೋಗಿ ಮುಳುಗುತ್ತಿದ್ದಾನೆ. ಬಾವಿಗೆ ನೀರು ಸೇದಲು ಬಂದ ಹೆಂಗಸು. ಕೈಯಲ್ಲಿ ದೀವಟಿಗೆ ಹಿಡಿದ ಹೆಂಗಸರ ಸಾಲು. ಅವರು ಯೇಸುವಿನ ಸಮಾಧಿಗೆ ಬಂದವರು ಅಂತ ಕೆಲವರು, ಯೇಸು ಹೇಳಿದ ಕಥೆಯ ಮದುವೆಯ ದೀಪದ ಕನ್ಯೆಯರು ಅಂತ ಇನ್ನು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ.

ಶಿಲುಬೆಯ ದೃಶ್ಯ ಒಂದೂ ಇಲ್ಲ, ಗಮನಿಸಿ. ಶಿಲುಬೆಗೇರಿದ ಯೇಸುವನ್ನು ಧೈರ್ಯವಾಗಿ ಕೆತ್ತಿ ತೋರಿಸಿದ್ದು ಇನ್ನೂ ಇನ್ನೂರು ವರ್ಷ ಕಳೆದ ಮೇಲೆ. ರೋಮಿನ ಸಂತ ಸಬೀನಾ ಚರ್ಚಿನ ಮರದ ಬಾಗಿಲು 430ರ ಸುಮಾರಿನದು, ಅದರಲ್ಲಿ ಕಾಣಬಹುದು.

ಇನ್ನೊಂದು. ಆಜ್ಞೆಗಳ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಯಹೂದಿಗಳಿಗೂ ಹೆಚ್ಚಿನ ಪ್ರಾಟೆಸ್ಟೆಂಟರಿಗೂ ವಿಗ್ರಹದ ಮಾತು ಎರಡನೆಯ ಆಜ್ಞೆ. ನಮ್ಮಲ್ಲಿ ಅದು ಮೊದಲನೆಯದರೊಳಗೇ ಸೇರಿಕೊಂಡಿದೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಹುಡುಗನ ಜೊತೆ ಇದಕ್ಕಾಗಿ ಜಗಳವಾಡಿದ್ದೇನೆ.

ತುಂಗಾತೀರ

ಮಸಿಕುಂಚ ಸರ್ ಹೇಳಿದ್ದು ಸರಿ ಇರಬಹುದು, ಆದರೆ ಸಾಕ್ಷಿ ಏನು? ಮಂದಿರಕ್ಕೂ ಈ ಮನೆಗೂ ಒಬ್ಬನೇ ಬಂದು ಬರೆದ ಅಂತ ಹೇಳಲು ಆಗುತ್ತದಾ?

ಹಳೆಗೋಡೆ

ಆಗಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂತರ ಕಾಣುತ್ತದೆ. ಮಂದಿರದ ಕೆಲಸ ದುಡ್ಡು ಸುರಿದು ಮಾಡಿಸಿದ್ದು. ಕ್ರೈಸ್ತರ ಮನೆಯದು ಅವಸರದ ಗೆರೆ. ಒಬ್ಬನೇ ಚಿತ್ರಗಾರ ಅನ್ನುವುದು ಕಥೆ ಆಗುತ್ತದೆ, ಇತಿಹಾಸ ಆಗುವುದಿಲ್ಲ.

ಆದರೆ ರೋಮಿಗೆ ಬನ್ನಿ. ಅಲ್ಲಿ ಸಾಕ್ಷಿ ಇದೆ. ರೋಮಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿನ ಶವಪೆಟ್ಟಿಗೆಯ ತುಂಡು ಇದೆ. ಎರಡು ವಿಜಯದೇವತೆಯರು ಒಂದು ದುಂಡು ಫಲಕ ಹಿಡಿದಿದ್ದಾರೆ. ಬದಿಯಲ್ಲಿ ಋತುಗಳನ್ನು ಸೂಚಿಸುವ ಹುಡುಗರು, ಕೆಳಗೆ ದ್ರಾಕ್ಷಿ ತುಳಿಯುವ ಮಕ್ಕಳು. ಇದು ಅಂಗಡಿಯ ಸಿದ್ಧ ಮಾಲು. ದುಂಡು ಫಲಕದಲ್ಲಿ ಸತ್ತವರ ಮುಖ ಕೆತ್ತುವುದು ವಾಡಿಕೆ. ಇಲ್ಲಿ ಮಾತ್ರ ಮುಖದ ಜಾಗದಲ್ಲಿ ಏಳು ಕವಲಿನ ದೀಪಸ್ತಂಭ ಇದೆ. ವಿಜಯದೇವತೆ, ಋತು, ದ್ರಾಕ್ಷಿ, ಯಾವುದಕ್ಕೂ ಆ ಯಹೂದಿ ಕುಟುಂಬ ಬೇಡ ಅನ್ನಲಿಲ್ಲ. ನಡುವಿನ ಗುರುತು ಮಾತ್ರ ತಮ್ಮದಾಗಿರಲಿ ಅಂದರು.

ಎರಡು ಗಾಜಿನ ನಡುವೆ ಚಿನ್ನದ ಹಾಳೆ ಇಟ್ಟು ಮಾಡುವ ಬಟ್ಟಲುಗಳೂ ಹಾಗೇ. ಅವುಗಳ ತಳವನ್ನು ಸಮಾಧಿಯ ಗಾರೆಗೆ ಒತ್ತಿ ಅಂಟಿಸುತ್ತಿದ್ದರು. ಕೆಲವದರಲ್ಲಿ ಪೇತ್ರ, ಪೌಲ. ಕೆಲವದರಲ್ಲಿ ದೀಪಸ್ತಂಭ. ಕಸುಬು ಒಂದೇ.

ಕ್ರೈಸ್ತರ ಕಡೆಯಿಂದ ಇದಕ್ಕೆ ಬರಹದ ಸಾಕ್ಷಿಯೂ ಇದೆ. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಅನ್ನುವ ಕ್ರೈಸ್ತ ಗುರುಗಳು ಉಂಗುರದ ಮುದ್ರೆ ಎಂಥದಿರಬೇಕು ಅಂತ ಬರೆದರು. ಪಾರಿವಾಳ, ಮೀನು, ಹಡಗು, ಲಂಗರು ಆಗಬಹುದು. ವಿಗ್ರಹದ ಮುಖ ಬೇಡ, ಕತ್ತಿ ಬಿಲ್ಲು ಬೇಡ. ಹೊಸದಾಗಿ ಮಾಡಿಸಿ ಅಂತ ಅವರು ಹೇಳುತ್ತಿಲ್ಲ. ಪೇಟೆಯಲ್ಲಿ ಇರುವುದರಲ್ಲೇ ಆರಿಸಿಕೊಳ್ಳಿ ಅನ್ನುತ್ತಿದ್ದಾರೆ.

ಮಸಿಕುಂಚ

ಹಾಗಾದರೆ ನನ್ನ ಮಾತೇ ಗೆದ್ದಿತು ಅಂತ ಬರೆದುಕೊಳ್ಳುತ್ತೇನೆ.

ಗಂಟೆಮನೆ

ದೇವರ ಮಾತು ಮೀರಿ ಓಡಿಹೋಗಿ, ದೊಡ್ಡ ಮೀನಿನ ಹೊಟ್ಟೆ ಸೇರಿ, ಬದುಕಿ ಬಂದ ಪ್ರವಾದಿ ಯೋನನ ಕಥೆ ಹೇಳದೆ ಇದು ಪೂರ್ತಿ ಆಗಲ್ಲ. ರೋಮಿನ ನೆಲದಡಿಯ ಸ್ಮಶಾನಗಳಲ್ಲಿ ಮತ್ತೆ ಮತ್ತೆ ಕಾಣುವ ಕಥೆ ಅದು. (ಕ್ರೈಸ್ತರು ಅಲ್ಲಿ ಬಚ್ಚಿಟ್ಟುಕೊಂಡು ಬದುಕುತ್ತಿದ್ದರು ಅನ್ನುವುದು ಸಿನಿಮಾ ಕಥೆ. ಅವು ಸ್ಮಶಾನ ಅಷ್ಟೇ. ಯಹೂದಿಗಳಿಗೂ ಅಂಥವು ಇದ್ದವು, ವಿಗ್ನಾ ರಾಂದಾನೀನಿ, ವಿಲ್ಲಾ ತೊರ್ಲೋನಿಯಾ ಅಂತ.)

ಯೋನನನ್ನು ನುಂಗುವ ಮೀನು ಮೀನೇ ಅಲ್ಲ. ನಾಯಿ ಮೂತಿ, ಸುರುಳಿ ಬಾಲ. ಗ್ರೀಕರ ಕಡಲ ಭೂತ ಅದು. ಆಮೇಲೆ ಯೋನ ಸೋರೆ ಬಳ್ಳಿಯ ಚಪ್ಪರದ ಕೆಳಗೆ ಬತ್ತಲೆ ಒರಗಿ, ಒಂದು ಕೈ ತಲೆಯ ಮೇಲಿಟ್ಟು ಮಲಗುತ್ತಾನೆ. ಅದು ಎಂಡಿಮಿಯನ್ ಅನ್ನುವ ಗ್ರೀಕ್ ಕಥೆಯ ಚೆಲುವ ಮಲಗುವ ಭಂಗಿ. ಬೈಬಲಿನ ಯೋನ ಆ ಗಿಡದ ಕೆಳಗೆ ಸಿಟ್ಟು ಮಾಡಿಕೊಂಡು ಕೂತವನು, ಇಲ್ಲಿ ಹಾಯಾಗಿದ್ದಾನೆ! ಸಮಾಧಿಯ ಮೇಲೆ ಬರೆಯುವಾಗ ಸಿಟ್ಟಿನ ಯೋನ ಯಾರಿಗೆ ಬೇಕು ಹೇಳಿ.

ಆ ಸೋರೆ ಬಳ್ಳಿಯ ತಮಾಷೆ ಕೇಳಿ. 4ನೇ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಹೀಬ್ರೂ ನೋಡಿ ಬೈಬಲನ್ನು ಲ್ಯಾಟಿನ್‌ಗೆ ಹೊಸದಾಗಿ ಅನುವಾದ ಮಾಡಿ, ಸೋರೆ ತೆಗೆದು ಬೇರೆ ಬಳ್ಳಿಯ ಹೆಸರು ಹಾಕಿದರು. ಉತ್ತರ ಆಫ್ರಿಕದ ಒಂದು ಊರಿನಲ್ಲಿ ಬಿಷಪರು ಅದನ್ನು ಓದಿದಾಗ ಜನ ಗಲಾಟೆ ಎಬ್ಬಿಸಿದರು. ಬಿಷಪರು ಹೋಗಿ ಊರಿನ ಯಹೂದಿಗಳನ್ನೇ ಕೇಳಬೇಕಾಯಿತು. ಸಂತ ಆಗಸ್ಟೀನ್ ಇದನ್ನು ಜೆರೋಮ್‌ಗೆ ಕಾಗದದಲ್ಲಿ ಬರೆದಿದ್ದಾರೆ. ಇನ್ನೂರು ವರ್ಷ ಗೋಡೆಗಳ ಮೇಲೆ ಸೋರೆಕಾಯಿ ತೂಗಿದ್ದನ್ನು ನೋಡಿದರೆ ಅಂಥ ಜನರ ಸಿಟ್ಟು ಅರ್ಥವಾಗುತ್ತದೆ ಅಂತ ನನಗೆ ಅನಿಸುತ್ತದೆ.

ಕಡಲತಡಿ

ನಾನು ಉಡುಪಿ ಕಡೆಯವಳು. ಇಸ್ರೇಲಿನ ಉತ್ತರದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ನಮ್ಮ ಕಡೆಯವರು ತುಂಬ ಜನ ಇದೇ ಕೆಲಸದಲ್ಲಿದ್ದೇವೆ. ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನಿಸಿತು ಮಾರಾಯ್ರೇ.

ನಾವಿರುವ ಕಡೆಯಿಂದ ಬೇಟ್ ಆಲ್ಫಾ ಹತ್ತಿರ. ಅಜ್ಜಿಯ ಮಗ ಒಂದು ಸಲ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. 1928ರ ಕೊನೆಯಲ್ಲಿ ಅಲ್ಲಿನ ರೈತರು ನೀರಿನ ಕಾಲುವೆ ತೋಡುವಾಗ ಗುದ್ದಲಿಗೆ ಬಣ್ಣದ ಕಲ್ಲು ಸಿಕ್ಕಿತಂತೆ. ಮರುವರ್ಷವೇ ಸೂಕೆನಿಕ್ ಅನ್ನುವವರು ಅಗೆಸಿದರು. ಇಡೀ ಮಂದಿರದ ನೆಲ ಪುಟ್ಟ ಪುಟ್ಟ ಬಣ್ಣದ ಕಲ್ಲಿನ ಚಿತ್ರ. 6ನೇ ಶತಮಾನದ್ದು.

ನೆಲದ ನಡುವೆ ಏನಿದೆ ಹೇಳಿ? ರಾಶಿಚಕ್ರ! ಮೇಷದಿಂದ ಮೀನದ ತನಕ ಹನ್ನೆರಡೂ ಉಂಟು, ಹೀಬ್ರೂ ಹೆಸರಿನ ಸಮೇತ. ನಟ್ಟನಡುವೆ ನಾಲ್ಕು ಕುದುರೆಯ ರಥದಲ್ಲಿ ಸೂರ್ಯ. ತಲೆಯ ಸುತ್ತ ಕಿರಣ. ನಾನು ಅಜ್ಜಿಯನ್ನು ಕೇಳಿದೆ, ಇದು ಗ್ರೀಕರ ಸೂರ್ಯದೇವರಲ್ಲವಾ ಅಂತ. ಅಜ್ಜಿ ನಕ್ಕರು. 'ದೇವರಾಗಿದ್ದರೆ ಕಾಲಡಿಗೆ ಹಾಕುತ್ತಿದ್ದರಾ?' ಅಂದರು.

ಪಕ್ಕದ ಚೌಕದಲ್ಲಿ ಅಬ್ರಹಾಮ, ಇಸಾಕ. ಮಕ್ಕಳು ಬರೆದ ಹಾಗೆ ಗೆರೆ. ಕಣ್ಣು ಮುಖಕ್ಕಿಂತ ದೊಡ್ಡದು. ಟಗರು ಮರಕ್ಕೆ ನೇತು ಹಾಕಿದ ಹಾಗೆ ನೆಟ್ಟಗೆ ನಿಂತಿದೆ. ಇಲ್ಲೂ ಮೇಲಿನಿಂದ ದೇವರ ಕೈ. ಬಾಗಿಲ ಹತ್ತಿರ ಗ್ರೀಕ್ ಭಾಷೆಯಲ್ಲಿ ಮಾಡಿದವರ ಹೆಸರು ಉಂಟು: ಮರಿಯಾನೋಸ್ ಮತ್ತು ಮಗ ಹನೀನಾ. ಅಪ್ಪನ ಹೆಸರು ಒಂದು ಥರ, ಮಗನ ಹೆಸರು ಇನ್ನೊಂದು ಥರ. ಇದರಿಂದ ಏನಾದರೂ ಗೊತ್ತಾಗುತ್ತದಾ?

ಹಳೆಗೋಡೆ

ಅಕ್ಕ, ನಿಮ್ಮ ಅಜ್ಜಿಗೆ ದೊಡ್ಡ ನಮಸ್ಕಾರ ಹೇಳಿ. ಅವರು ಹೇಳಿದ ಮಾತಿಗೆ ಹತ್ತಿರದ್ದು ಹಳೆಯ ಗ್ರಂಥದಲ್ಲೇ ಇದೆ. ಯಹೂದಿ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಒಂದು ಪ್ರಸಂಗ. ಯಹೂದಿ ಗುರು ರಬ್ಬಾನ್ ಗಮ್ಲಿಯೇಲರು ಅಕ್ಕೋ ಊರಿನ ಅಫ್ರೋಡೈಟಿಯ ಸ್ನಾನಗೃಹದಲ್ಲಿ ಸ್ನಾನ ಮಾಡುತ್ತಿದ್ದರು. ಒಬ್ಬ ಕೇಳಿದ, ವಿಗ್ರಹ ಇರುವ ಕಡೆ ನೀವು ಹೇಗೆ ಬಂದಿರಿ ಅಂತ. ಸ್ನಾನಗೃಹದಲ್ಲಿ ಉತ್ತರ ಕೊಡಬಾರದು ಅಂತ ಹೊರಗೆ ಬಂದ ಮೇಲೆ ಹೇಳಿದರು: ನಾನು ಅವಳ ಜಾಗಕ್ಕೆ ಬರಲಿಲ್ಲ, ಅವಳೇ ನನ್ನ ಜಾಗಕ್ಕೆ ಬಂದಳು. ಸ್ನಾನಗೃಹಕ್ಕೆ ಅವಳು ಅಲಂಕಾರ ಅಷ್ಟೇ. ದೇವರು ಅಂತ ನಡೆಸಿಕೊಂಡರೆ ತಪ್ಪು, ಇಲ್ಲದಿದ್ದರೆ ತಪ್ಪಿಲ್ಲ.

ತುಂಗಾತೀರ ಅವರಿಗೆ ಬಾಕಿ ಇದ್ದ ಉತ್ತರವೂ ಇಲ್ಲೇ ಇದೆ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ಜೆರುಸಲೇಮಿನ ತಾಲ್ಮುದ್ ಹೇಳುತ್ತದೆ: ರಬ್ಬಿ ಯೋಹನಾನರ ಕಾಲದಲ್ಲಿ ಜನ ಗೋಡೆಗಳ ಮೇಲೆ ಚಿತ್ರ ಬರೆಸಲು ಶುರುಮಾಡಿದರು, ಅವರು ತಡೆಯಲಿಲ್ಲ. ಯೋಹನಾನರು ದುರಾ ಮಂದಿರದ ಕಾಲದವರೇ, 3ನೇ ಶತಮಾನ. ಇದ್ದದ್ದು ಗಲಿಲಾಯದ ತಿಬೇರಿಯದಲ್ಲಿ. ಅದು ಗಡಿ ಅಲ್ಲ, ಪಾಠಶಾಲೆಗಳ ನಡುಮನೆ. ಅಲ್ಲೇ ಪಕ್ಕದ ಹಮ್ಮತ್ ತಿಬೇರಿಯದಲ್ಲಿ 4ನೇ ಶತಮಾನದ ಇನ್ನೊಂದು ರಾಶಿಚಕ್ರ ಇದೆ. ಹುಕೋಕ್ ಅನ್ನುವ ಹಳ್ಳಿಯಲ್ಲಿ 2011ರಿಂದ ಅಗೆದಾಗ ಸಂಸೋನ, ನೋಹನ ನಾವೆ, ಬಾಬೆಲಿನ ಗೋಪುರ, ಎಲ್ಲ ನೆಲದ ಮೇಲೆ ಸಿಕ್ಕವು.

ಮೊದಲು ಬಿಗಿ ಇದ್ದದ್ದು ನಿಜ. ಯೂದಾಯದ ದೊರೆ ಹೆರೋದ ಜೆರುಸಲೇಮಿನ ದೇವಾಲಯದ ಬಾಗಿಲಿಗೆ ಚಿನ್ನದ ಹದ್ದು ಹಾಕಿಸಿದಾಗ ಹುಡುಗರು ಹತ್ತಿ ಕಿತ್ತು ಹಾಕಿದರು, ಅದಕ್ಕೆ ಅವರನ್ನು ಸುಟ್ಟರು. ಆ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ನಾಶ ಮಾಡಿದರು. ಮುನ್ನೂರು ವರ್ಷದಲ್ಲಿ ಅದೇ ಜನರ ಮೊಮ್ಮಕ್ಕಳು ಸೂರ್ಯನ ರಥದ ಮೇಲೆ ಕಾಲಿಟ್ಟು ಪ್ರಾರ್ಥನೆಗೆ ಹೋಗುತ್ತಿದ್ದರು.

ಅಪ್ಪ ಮಗನ ಹೆಸರಿನಿಂದ ಏನೂ ಖಚಿತ ಹೇಳಲಾಗದು. ಆ ಕಾಲದ ಯಹೂದಿಗಳು ಗ್ರೀಕ್, ಲ್ಯಾಟಿನ್ ಹೆಸರನ್ನೂ ಇಟ್ಟುಕೊಳ್ಳುತ್ತಿದ್ದರು.

ತುಂಗಾತೀರ

ಸರಿ, ಗಡಿ ಊರಿನ ವಾದ ವಾಪಸ್ ತೆಗೆದುಕೊಂಡೆ. ಆದರೆ ಎಲ್ಲರೂ ಒಪ್ಪಿದರು ಅಂತ ಮಾತ್ರ ಹೇಳಬೇಡಿ. ದುರಾ ಮಂದಿರದಲ್ಲೇ ಕೆಲವು ಮುಖಗಳ ಕಣ್ಣು ಕೆರೆದು ತೆಗೆದಿದ್ದಾರೆ. ಅದನ್ನು ಯಾಕೆ ಹೇಳಲಿಲ್ಲ?

ಹಳೆಗೋಡೆ

ಹೇಳಬೇಕಿತ್ತು, ನನ್ನದೇ ತಪ್ಪು. ಮಣ್ಣು ತುಂಬುವ ಮೊದಲೇ ಯಾರೋ ಕೆರೆದಿದ್ದಾರೆ. ಮಂದಿರದವರೇ ಇರಬಹುದು, ಮಣ್ಣು ಹೊತ್ತ ಸೈನಿಕನೇ ಇರಬಹುದು.

ಗಂಟೆಮನೆ

ನಮ್ಮಲ್ಲೂ ಎಲ್ಲರೂ ಒಪ್ಪಲಿಲ್ಲ. 4ನೇ ಶತಮಾನದ ಶುರುವಿನಲ್ಲಿ ಸ್ಪೇನಿನ ಎಲ್ವೀರಾದಲ್ಲಿ ಸೇರಿದ ಬಿಷಪರ ಸಭೆ, ಚರ್ಚುಗಳಲ್ಲಿ ಚಿತ್ರ ಬೇಡ ಅಂತ ನಿಯಮ ಮಾಡಿತು. ಅದೇ ಶತಮಾನದ ಕೊನೆಗೆ ಎಪಿಫಾನಿಯಸ್ ಅನ್ನುವ ಬಿಷಪರು ಪ್ಯಾಲೆಸ್ಟೈನಿನ ಒಂದು ಹಳ್ಳಿ ಚರ್ಚಿನಲ್ಲಿ ಮನುಷ್ಯ ರೂಪ ಇದ್ದ ಪರದೆ ನೋಡಿ ಹರಿದೇ ಹಾಕಿದರು. ಯಾರಾದರೂ ಬಡವನ ಹೆಣಕ್ಕೆ ಹೊದಿಸಿ ಅಂದರು. ಚರ್ಚಿನವರು ಹರಿದಿರಿ ಸರಿ, ಹೊಸದು ಕೊಡಿ ಅಂದರು. ಆಮೇಲೆ ಬಿಷಪರೇ ಹೊಸ ಪರದೆ ಕಳಿಸಿದರು.

ನಿರ್ವಾಹಕ

ವಿಗ್ರಹಾರಾಧನೆ ಸರಿಯೋ ತಪ್ಪೋ ಅನ್ನುವ ನಾಲ್ಕು ಪೋಸ್ಟ್‌ಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಕಡೆ ಜಾಗ ಇದೆ. ಇಲ್ಲಿ ಗೋಡೆ, ನೆಲ, ಬಣ್ಣದ ಮಾತು ಮುಂದುವರಿಸಿ.

ಕನೆಕ್ಟಿಕಟ್ ಕನ್ನಡಿಗ

ದುರಾದ ಕ್ರೈಸ್ತ ಮನೆಯ ಚಿತ್ರಗಳು ನಮ್ಮೂರ ಹತ್ತಿರ ಇವೆ! ಅಗೆದವರು ಪಾಲು ಮಾಡಿಕೊಂಡಾಗ ಸಭಾಮಂದಿರದ ಗೋಡೆಗಳು ಡಮಾಸ್ಕಸ್‌ನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋದವು. ಜ್ಞಾನಸ್ನಾನದ ಕೋಣೆಯ ಚಿತ್ರಗಳು ನ್ಯೂ ಹೇವನ್‌ನ ಯೇಲ್ ಕಲಾ ಸಂಗ್ರಹಾಲಯಕ್ಕೆ ಬಂದವು. ಮಿತ್ರನ ಗುಡಿಯೂ ಅಲ್ಲೇ. ಒಳಗೆ ಹೋಗಲು ಟಿಕೆಟ್ ಇಲ್ಲ.

ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಪುಸ್ತಕದ ಚಿತ್ರ ನೋಡಿ ಹೋದರೆ ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನಡಿ ಸುಖವಾಗಿದ್ದ ಬಣ್ಣ ಹೊರಗೆ ಬಂದ ಮೇಲೆ ತುಂಬ ಮಾಸಿದೆ. ಕುರುಬನನ್ನು ಹುಡುಕಿ ನೋಡಬೇಕು. ಮಗಳಿಗೆ ಇಷ್ಟವಾದದ್ದು ಮಂಚ ಹೊತ್ತ ರೋಗಿ. 'ಅಪ್ಪ, ಇವನು ಆಮೆ ಥರ ಇದ್ದಾನೆ' ಅಂದಳು.

ಸಭಾಮಂದಿರದ ಸೂರಿನ ಬಣ್ಣದ ಹೆಂಚುಗಳೂ ಕೆಲವು ಯೇಲ್‌ನಲ್ಲಿವೆ. ಹಣ್ಣು, ಹೂವು, ಮೀನು, ಹೆಂಗಸಿನ ಮುಖ. ಸಿರಿಯಾದ ಯುದ್ಧದಲ್ಲಿ ಆ ಹಾಳೂರನ್ನು ಕಳ್ಳರು ತೂತು ತೂತಾಗಿ ಅಗೆದರು. ಆಕಾಶದಿಂದ ತೆಗೆದ ಫೋಟೋ ನೋಡಿದರೆ ಸಿಡುಬು ಬಂದ ಮುಖದ ಹಾಗೆ ಕಾಣುತ್ತದೆ.

ಮಸಿಕುಂಚ

ಕಡಲತಡಿ ಮೇಡಂ, ಬೇಟ್ ಆಲ್ಫಾದ ನೆಲದಲ್ಲಿ ನನಗೊಂದು ಅನುಮಾನ. ಫೋಟೋದಲ್ಲಿ ನಾಲ್ಕು ಮೂಲೆಯ ಋತುಗಳು ತಮ್ಮ ತಮ್ಮ ರಾಶಿಗಳ ಪಕ್ಕ ಇಲ್ಲ. ನಾನು ನೋಡಿದ್ದು ತಪ್ಪಾ?

ಹಳೆಗೋಡೆ

ತಪ್ಪಲ್ಲ. ಋತುಗಳು ಒಂದು ಕಡೆ, ರಾಶಿಗಳು ಒಂದು ಕಡೆ. ಅಪ್ಪ ಮಗನಿಗೆ ಸಿಕ್ಕ ಮಾದರಿಯೇ ಹಾಗಿತ್ತೋ, ಹಾಕುವಾಗ ತಿರುಗಿತೋ. ಹಮ್ಮತ್ ತಿಬೇರಿಯದಲ್ಲಿ ಅದು ಸರಿಯಾಗಿದೆ, ಕೆಲಸವೂ ಬಹಳ ನಯ. ಆದರೆ ಅಲ್ಲಿ ಬೇರೆ ತಮಾಷೆ ಇದೆ. ಕುಂಭ ರಾಶಿಯ ಹೀಬ್ರೂ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದೆ. ತುಲಾ ರಾಶಿಯ ಹುಡುಗ ಬತ್ತಲೆ, ಅವನಿಗೆ ಸುನ್ನತಿಯೂ ಆಗಿಲ್ಲ. ಕಲ್ಲು ಜೋಡಿಸಿದವನಿಗೆ ಹೀಬ್ರೂ ಓದಲು ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ಮಸಿಕುಂಚ

ನೋಡಿ, ನೋಡಿ! ಬರೆಸಿದವರು ಬಂದು ನೋಡಿದರು, ತಪ್ಪು ಕಂಡರು, ಆದರೂ ಕೂಲಿ ಕೊಟ್ಟು ಕಳಿಸಿದರು. ಅಂಥ ಗಿರಾಕಿ ನನಗೂ ಸಿಗಲಿ.

ಕಡಲತಡಿ

ತಿಬೇರಿಯ ಇಲ್ಲಿಂದ ಬಸ್ಸಿನಲ್ಲಿ ಹೋಗಬಹುದು. ಮುಂದಿನ ವಾರ ನನಗೆ ಒಂದು ದಿನ ರಜೆ ಉಂಟು. ಹೋದರೆ ಯಾವುದರ ಫೋಟೋ ಬೇಕು ಹೇಳಿ.

ಹಳೆಗೋಡೆ

ಕುಂಭ ರಾಶಿ. ನೀರು ಸುರಿಯುವವನ ಪಕ್ಕದ ಅಕ್ಷರ. ಸ್ವಲ್ಪ ಹತ್ತಿರದಿಂದ ತೆಗೆಯಿರಿ ಅಕ್ಕ, ಕಲ್ಲಿನ ಸಂದು ಕಾಣುವ ಹಾಗೆ.